ಉಳಿದವರ ಬೆಂಚಿನಲ್ಲಿ ಮುಳಬಾಗಿಲು

"ಮೇಡಂ, ನೆಟ್ ಬರ್ತಾ ಇಲ್ಲ."

ಜೀವಮಾನದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು. ನಮ್ಮ ಯಜಮಾನರು ನನ್ನನ್ನು ಹೆಸರು ಹಿಡಿದು ಕರೆದದ್ದನ್ನೂ ಮಗಳು ಅಮ್ಮಾ ಎಂದದ್ದನ್ನೂ ಕೂಡಿಸಿದರೂ ಇದರ ಹತ್ತಿರ ಬಾರದು. ನಿವೃತ್ತಿಯ ಮಾರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಿದ್ದೆ, ಫೋನು ಬಡಿದುಕೊಂಡಿತು. ಎದೆ ಧಸಕ್ಕೆಂದಿತು. ನೋಡಿದರೆ ಗ್ಯಾಸ್ ಸಿಲಿಂಡರಿನವನು, ಮನೆಯಲ್ಲಿ ಇದೀರಾ ಎಂದು ಕೇಳುತ್ತಿದ್ದಾನೆ. ಇದೀನಪ್ಪಾ, ಇನ್ನು ಮೇಲೆ ಮನೆಯಲ್ಲೇ ಇರ್ತೀನಿ ಎಂದು ಅವನಿಗೆ ಬೇಡದ್ದನ್ನೆಲ್ಲ ಹೇಳಿ ನಕ್ಕೆ. ಅಷ್ಟು ಹಗುರವಾಗಿ ನಕ್ಕು ಎಷ್ಟೋ ವರ್ಷವಾಗಿತ್ತು.

ನಾನು ವನಜಾಕ್ಷಿ. ಹುಟ್ಟಿದ್ದು ಮುಳಬಾಗಿಲಿನ ಅರ್ಚಕರ ಮನೆಯಲ್ಲಿ, ಮದುವೆಯಾಗಿ ಸೇರಿದ್ದು ಕೋಲಾರ. ಕೆಲಸ ಮಾಡಿದ್ದು ಒಂದೇ ಕಡೆ: ಕೋಲಾರದಲ್ಲಿ ದೊಡ್ಡ ಆಸ್ಪತ್ರೆ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಒಂದೊಂದು ಚಿಕ್ಕ ಶಾಖೆ ಇದ್ದ ಒಂದು ಟ್ರಸ್ಟಿನಲ್ಲಿ. ಅದರ ಹೆಸರು ಇಲ್ಲಿ ಬೇಡ. ಟೈಪಿಸ್ಟಾಗಿ ಸೇರಿದೆ, ನಾಲ್ಕೂ ಊರಿನ ಕಂಪ್ಯೂಟರುಗಳ ತಂತಿ ಬಂದು ಸೇರುವ ಬಾಗಿಲಿನಲ್ಲಿ ಕಾವಲು ಕೂತು ನಿವೃತ್ತಳಾದೆ. ನಡುವೆ ಯಾವ ವರ್ಷ ಯಾವ ಬಡ್ತಿ ಬಂತು ಎಂಬುದು ನನಗೇ ನೆನಪಿಲ್ಲ, ನಿಮಗೆ ಬೇಕಾಗಿಯೂ ಇಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರು ಪುಸ್ತಕ ಓದಿಕೊಂಡೇ ಬಂದಿರುತ್ತೀರಿ. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳೋಣವೆಂದು ಕೂತಿದ್ದೇನೆ. ಅದರಲ್ಲಿ ಹೆಚ್ಚಿನ ಪಾಲು ನನ್ನ ತಪ್ಪುಗಳೇ.

ತೊಂಬತ್ತರ ದಶಕದ ಮೊದಲಲ್ಲಿ ನಮ್ಮ ಊರುಗಳ ನಡುವೆ ತಂತಿ ಇರಲಿಲ್ಲ, ಬಸ್ಸು ಇತ್ತು. ರಕ್ತ ಪರೀಕ್ಷೆಯ ಯಂತ್ರ ಇದ್ದದ್ದು ಕೋಲಾರದಲ್ಲಿ ಮಾತ್ರ. ಶಾಖೆಗಳಲ್ಲಿ ಬೆಳಿಗ್ಗೆ ರಕ್ತ ತೆಗೆದು, ಶೀಶೆಗಳನ್ನು ಐಸ್ ಡಬ್ಬದಲ್ಲಿಟ್ಟು, ರೋಗಿಗಳ ವಿವರವನ್ನು ಫ್ಲಾಪಿಗೆ ತುಂಬಿ, ಎರಡನ್ನೂ ಕಂಡಕ್ಟರ ಕೈಗೆ ಕೊಟ್ಟು ಕಳಿಸುತ್ತಿದ್ದರು. ಶ್ರೀನಿವಾಸಪುರದ ಫ್ಲಾಪಿ ಮಾತ್ರ ವಾರಕ್ಕೆ ಎರಡು ಸಲವಾದರೂ ಕೆಟ್ಟೇ ಬರುತ್ತಿತ್ತು. ಹೊಸ ಫ್ಲಾಪಿ ಕಳಿಸಿದೆ, ಡ್ರೈವ್ ಬದಲಿಸಿದೆ, ಫ್ಲಾಪಿ ಮಾರಿದ ಅಂಗಡಿಯವರೊಂದಿಗೆ ಜಗಳವಾಡಿದೆ. ಕೊನೆಗೆ ಒಂದು ದಿನ ನಾನೇ ಬಸ್ ನಿಲ್ದಾಣಕ್ಕೆ ಹೋಗಿ, ಡಬ್ಬ ಇಳಿಸಿಕೊಂಡು ಅಲ್ಲೇ ತೆರೆದೆ. ಶೀಶೆಗಳ ನಡುವೆ, ಕರಗಿದ ಐಸ್ ನೀರಿನಲ್ಲಿ, ಫ್ಲಾಪಿ ತಣ್ಣಗೆ ಮಲಗಿತ್ತು!

ಶ್ರೀನಿವಾಸಪುರದ ಅಟೆಂಡರಿಗೆ ಫೋನ್ ಮಾಡಿ ಕೂಗಾಡಿದೆ. ಆತ ಒಂದಿಷ್ಟೂ ಅಳುಕಲಿಲ್ಲ. "ನೀವೇ ಹೇಳಿದ್ರಲ್ಲಮ್ಮ, ಬಿಸ್ಲು ತಾಕಿದ್ರೆ ಕೆಟ್ಟೋಗ್ತದೆ ಅಂತ. ಅದ್ಕೇ ತಂಪಾಗಿ ಮಡಗಿದ್ದೆ," ಅಂದ. ಹೇಳಿದ್ದು ನಾನೇ, ನಿಜ. ನೀರು ತಾಕಿದರೂ ಕೆಡುತ್ತದೆ ಎಂದು ಹೇಳಿರಲಿಲ್ಲ.

ಆಮೇಲೆ ಮೋಡೆಮ್ ಬಂತು. ಟೆಲಿಫೋನ್ ತಂತಿಯಲ್ಲಿ ಕಿರ್ರೋ ಎಂದು ಕಿರುಚಿ, ಅರ್ಧ ಗಂಟೆ ವಿವರ ಕಳಿಸಿ, ಮುಗಿಯುವ ಹೊತ್ತಿಗೆ ಸರಿಯಾಗಿ ಯಾರೋ ಪಕ್ಕದ ರೂಮಿನಲ್ಲಿ ಫೋನ್ ಎತ್ತಿ "ಹಲೋ" ಎಂದುಬಿಡುವ ಕಾಲ ಅದು. ಮತ್ತೆ ಮೊದಲಿಂದ ಶುರು. ಎರಡು ಸಾವಿರ ಇಸವಿ ದಾಟಿದ ಮೇಲೆ ಲೀಸ್ಡ್ ಲೈನ್ ಬಂತು. ಯಾವಾಗಲೂ ತೆರೆದೇ ಇರುವ ತಂತಿ. ಆದರೆ ಇವತ್ತು ನಿಮ್ಮ ಫೋನಿನಲ್ಲಿ ಒಂದು ವಿಡಿಯೊ ನೋಡಲಿಕ್ಕೂ ಸಾಲದಷ್ಟು ಸಣ್ಣದು. ಮೂರೂ ಶಾಖೆಗಳು ಕೋಲಾರದ ಆ ಒಂದೇ ಲೈನಿಗೆ ಬಾಯಿ ಒಡ್ಡಿ ಕೂತಿದ್ದವು. ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೇ ಕಂಪ್ಯೂಟರಿಗೆ ಎರಡು ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ, ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ, ಲೈನಿನ ಬಾಗಿಲಲ್ಲಿ ಕೂರಿಸಿದೆ. ಯಾರು ಒಳಗೆ ಬರಬಹುದು, ಯಾರು ಬರಕೂಡದು ಎಂದು ನೋಡುವ ಫೈರ್‌ವಾಲ್ ಅದು. ಪ್ರಿಂಟ್ ತೆಗೆದುಕೊಂಡ ಕೈಪಿಡಿಯ ಹಾಳೆಗಳನ್ನು ಒಲೆಯ ಮುಂದೆ ನಿಂತು ಓದಿ ಕಲಿತೆ. ಹಾಲು ಎಷ್ಟು ಸಲ ಉಕ್ಕಿತೋ ದೇವರಿಗೇ ಗೊತ್ತು.

ಬಾಗಿಲು ಕಾದರೆ ಸಾಲದು ಎಂದು ಬೇಗನೆ ಗೊತ್ತಾಯಿತು. ಮಾಲೂರಿನಲ್ಲಿ ಯಾರೋ ಒಬ್ಬರು ಸಿನಿಮಾ ಹಾಡು ಇಳಿಸಲು ಕೂತರೆ ಶ್ರೀನಿವಾಸಪುರದಲ್ಲಿ ರೋಗಿಯ ಪುಟ ತೆರೆಯುತ್ತಿರಲಿಲ್ಲ. ಕಚೇರಿ ಕಂಪ್ಯೂಟರಿನಲ್ಲಿ ಹಾಡು ಇಳಿಸಕೂಡದು ಎಂದು ಸುತ್ತೋಲೆ ಕಳಿಸಿದೆವು. ಹಾಡು ಇಳಿಸಬಹುದು ಎಂಬುದು ಅಲ್ಲಿಯವರೆಗೆ ಗೊತ್ತಿಲ್ಲದವರಿಗೂ ಆ ಸುತ್ತೋಲೆಯಿಂದ ಗೊತ್ತಾಯಿತು.

ದಾರಿ ತೋರಿಸಿದ್ದು ಹೊರರೋಗಿ ವಿಭಾಗದ ಸರೋಜ ಸಿಸ್ಟರ್. ಅವರಿಗೆ ಕಂಪ್ಯೂಟರಿನ ಗಂಧವೇ ಇರಲಿಲ್ಲ. ಆದರೆ ಡಾಕ್ಟರ ಬಾಗಿಲ ಮುಂದೆ ಮೂರು ಬೆಂಚು ಹಾಕಿದ್ದರು. ಮೊದಲನೆಯದರಲ್ಲಿ ತುರ್ತಿನವರು, ಎರಡನೆಯದರಲ್ಲಿ ಚೀಟಿ ಮಾಡಿಸಿದವರು, ಮೂರನೆಯದರಲ್ಲಿ ಉಳಿದವರು: ಔಷಧಿ ಕಂಪನಿಯವರು, ಸುಮ್ಮನೆ ಮಾತಾಡಿಸಲು ಬಂದವರು. ಮೊದಲ ಬೆಂಚು ಖಾಲಿಯಾದರೆ ಎರಡನೆಯದು. ಮೂರನೆಯದರಿಂದಲೂ ಆಗೊಬ್ಬರನ್ನು ಈಗೊಬ್ಬರನ್ನು ಕರೆಯುತ್ತಿದ್ದರು, ಇಲ್ಲದಿದ್ದರೆ ಅವರು ಎದ್ದು ಗಲಾಟೆ ಮಾಡುತ್ತಾರಲ್ಲ. ಒಂದು ದಿನ ಅಲ್ಲಿ ನಿಂತು ನೋಡುತ್ತಾ ನನ್ನ ಕಷ್ಟ ಹೇಳಿಕೊಂಡೆ.

"ಬಾಗ್ಲು ಒಂದೇ ಕಣಮ್ಮ, ಡಾಕ್ಟ್ರೂ ಒಬ್ರೇ," ಎಂದರು ಸಿಸ್ಟರ್. "ಬಾಗ್ಲು ಅಗಲ ಮಾಡಕ್ಕೆ ನಮ್ ಕೈಲಿ ಆಗಲ್ಲ. ಯಾರನ್ನ ಎಲ್ಲಿ ಕೂರಿಸ್ಬೇಕು ಅನ್ನೋದು ನಮ್ ಕೈಲೈತೆ."

ಲಿನಕ್ಸಿನಲ್ಲೂ ಹಾಗೆ ಮಾಡಲು ಬರುತ್ತಿತ್ತು. ಲೈನನ್ನು ಹಿಗ್ಗಿಸಲಾಗದು, ಆದರೆ ಹೊರಡುವ ಮಾಹಿತಿಯನ್ನು ಸಾಲಿನಲ್ಲಿ ನಿಲ್ಲಿಸಿ, ಯಾವುದಕ್ಕೆ ಎಷ್ಟು ಪಾಲು ಎಂದು ಅಳೆದು ಬಿಡಬಹುದು. ಮೂರು ಬೆಂಚು ಹಾಕಿದೆ. ಪ್ರತಿ ಶಾಖೆಗೂ ಅಂಕಿಗಳ ಒಂದು ವಿಳಾಸ ಇರುತ್ತದೆ. ಆ ವಿಳಾಸಗಳಿಗೆ ಹೋಗುವ ಆಸ್ಪತ್ರೆಯ ಕೆಲಸ ಮೊದಲ ಬೆಂಚು, ಇ-ಮೇಲ್ ಎರಡನೆಯದು, ನನ್ನ ಪಟ್ಟಿಯಲ್ಲಿ ಗುರುತು ಸಿಗದ್ದೆಲ್ಲ ಮೂರನೆಯದು. ಹಾಡು, ಸಿನಿಮಾ ತುಣುಕು, ಆಟ ಎಲ್ಲ ಅಲ್ಲಿ ಹೋಗಿ ಕೂತವು. ಮಾರನೆಯ ದಿನವೇ ಮಾಲೂರಿನಿಂದ ಫೋನು.

"ಮೇಡಂ, ನೆಟ್ ಬರ್ತಾ ಇಲ್ಲ."

"ಯಾವ ಕೆಲಸ ನಿಂತಿದೆ ಹೇಳಿ?"

"ಕೆಲ್ಸ ಅಂತ ಏನೂ ನಿಂತಿಲ್ಲ..." ಎಂದು ರಾಗ ಎಳೆದು ಫೋನಿಟ್ಟರು. ಅವತ್ತು ಸರೋಜ ಸಿಸ್ಟರಿಗೆ ಕ್ಯಾಂಟೀನಿನಲ್ಲಿ ಮಸಾಲೆ ದೋಸೆ ಕೊಡಿಸಿದೆ.

ಗೆಲುವು ತಲೆಗೇರಿತು. ಶ್ರೀನಿವಾಸಪುರದಲ್ಲೂ ಇಂಥದ್ದೇ ಒಂದು ಬಾಗಿಲ ಯಂತ್ರ ಕೂರಿಸಿದ್ದೆ, ಕೋಲಾರದಲ್ಲಿ ಕೂತೇ ಅದಕ್ಕೆ ಹೊಸ ನಿಯಮ ಬರೆದೆ. ಹೊರಗಿನಿಂದ ಯಾರೂ ಒಳಗೆ ಬರಬಾರದು ಎಂದು ಬರೆದು ಒತ್ತಿದೆ. ಹೊರಗಿದ್ದವಳು ನಾನೇ! ಯಂತ್ರ ನನ್ನ ಮುಖದ ಮೇಲೆ ಬಾಗಿಲು ಹಾಕಿಕೊಂಡಿತು. ಮಾವಿನ ಕಾಲ, ಶ್ರೀನಿವಾಸಪುರದ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಯಾರದೋ ಖಾಲಿ ಬುಟ್ಟಿಗಳನ್ನು ತೊಡೆಯ ಮೇಲೆ ಹೊತ್ತು ಹೋಗಿ, ಎರಡು ನಿಮಿಷದ ಕೆಲಸ ಮಾಡಿ, ಮೈಯೆಲ್ಲ ಸೊನೆಯ ವಾಸನೆ ಮಾಡಿಕೊಂಡು ವಾಪಸು ಬಂದೆ. ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ, ನೀವೂ ಮಾಡಿಕೊಳ್ಳಿ. ದೂರದ ಯಂತ್ರ ಮುಟ್ಟುವ ಮೊದಲು, ಇನ್ನು ಹತ್ತು ನಿಮಿಷಕ್ಕೆ ಇದನ್ನೆಲ್ಲ ಮರೆತು ಹಳೆಯ ಹಾಗೆ ಎದ್ದು ಕೂತ್ಕೋ ಎಂದು ಅದಕ್ಕೆ ಆಜ್ಞೆ ಕೊಟ್ಟಿಡಬೇಕು. ಬದಲಾವಣೆ ಸರಿಹೋದರೆ ಆಜ್ಞೆ ರದ್ದು. ಎಡವಟ್ಟಾದರೆ ಹತ್ತು ನಿಮಿಷ ಉಗುರು ಕಚ್ಚುತ್ತಾ ಕೂತರಾಯಿತು, ಬಸ್ಸು ಹತ್ತಬೇಕಿಲ್ಲ.

ಇನ್ನು ಮುಂದಿನದು ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳಿಬಿಡುತ್ತೇನೆ.

ನಮ್ಮ ಆಡಳಿತಾಧಿಕಾರಿ ಶ್ರೀಕಂಠಯ್ಯನವರು. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಮಾತಾಡುವ ಮನುಷ್ಯ, ನ್ಯಾಯವಂತ, ಕೋಪಿಷ್ಠ. ಅವರಿಗೆ ಎಲ್ಲಿಂದಲೋ 'ಪಿಂಗ್' ಗೊತ್ತಾಗಿತ್ತು. ಒಂದು ಯಂತ್ರದಿಂದ ಇನ್ನೊಂದಕ್ಕೆ 'ಇದೀಯಾ?' ಎಂದು ಕೂಗುವುದು, 'ಇದೀನಿ' ಎಂಬ ಉತ್ತರ ಎಷ್ಟು ಬೇಗ ಬಂತೆಂದು ನೋಡುವುದು, ಅಷ್ಟೇ. ದಿನಕ್ಕೆ ನಾಲ್ಕು ಸಲ ಮೂರೂ ಶಾಖೆಗಳಿಗೆ ಕೂಗುತ್ತಿದ್ದರು. ಉತ್ತರ ತುಸು ತಡವಾದರೆ ನನಗೆ ಕರೆ. ತಾಳ್ಮೆಗೆಟ್ಟು ಪಿಂಗನ್ನೇ ಒಯ್ದು ಮೊದಲ ಬೆಂಚಿನಲ್ಲಿ ಕೂರಿಸಿದೆ. ಲೈನು ಎಷ್ಟೇ ಕಿಕ್ಕಿರಿದಿರಲಿ, ಪಿಂಗಿಗೆ ಮಾತ್ರ ಥಟ್ಟನೆ ಉತ್ತರ. ಅಷ್ಟಕ್ಕೂ ಬಿಡಲಿಲ್ಲ ನಾನು. ಸಾಹೇಬರ ಸ್ವಂತ ಕಂಪ್ಯೂಟರನ್ನೂ ಮೊದಲ ಬೆಂಚಿಗೆ ಹಾಕಿದೆ. ಬೈಗುಳ ನಿಂತಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಹೀಗೆ ಮಾಡಿದ್ದನ್ನು ತಿಂಗಳೊಪ್ಪತ್ತಿನಲ್ಲಿ ಮರೆತೂಬಿಟ್ಟೆ.

ಅದೇ ವರ್ಷ ಮುಳಬಾಗಿಲಿನ ಶಾಖೆ ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಕಟ್ಟಡದಿಂದ ಹೊಸ ಕಟ್ಟಡಕ್ಕೆ ಹೋಯಿತು. ಹೊಸ ಲೈನು, ಹೊಸ ವಿಳಾಸ. ನಾನೇ ಹೋಗಿ ಜೋಡಿಸಿದೆ, ಕೋಲಾರದ ಬಾಗಿಲಿಗೆ ಹೊಸ ವಿಳಾಸ ಹೇಳಿದೆ, ಎಲ್ಲ ತೆರೆಯಿತು. ತವರುಮನೆಯಲ್ಲಿ ಊಟ ಮಾಡಿ ಖುಷಿಯಾಗಿ ವಾಪಸು ಬಂದೆ.

ಅಲ್ಲಿನ ಕೌಂಟರಿನಲ್ಲಿ ಇದ್ದವರು ವೆಂಕಟರವಣಪ್ಪ, ಬೈರಕೂರಿನವರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಮೊದಲು ರಿಜಿಸ್ಟರಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ರೋಗಿಗಳ ಹೆಸರು ಬರೆಯುತ್ತಿದ್ದರು. ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತವರು. ಎಷ್ಟೋ ವರ್ಷದಿಂದ ಹಂಗಾಮಿಯಾಗಿಯೇ ದುಡಿದಿದ್ದ ಅವರನ್ನು ಖಾಯಂ ಮಾಡುವ ಕಡತ ಕೊನೆಗೂ ಆಗ ಸಮಿತಿಯ ಮುಂದೆ ಹೋಗುವುದಿತ್ತು. ಸರಿಯಾಗಿ ಅದೇ ಹೊತ್ತಿಗೆ ಮುಳಬಾಗಿಲಿನಿಂದ ದೂರುಗಳು ಶುರುವಾದವು. ಒಬ್ಬ ರೋಗಿಯ ಹೆಸರು ಹಾಕಲು ಏಳೆಂಟು ನಿಮಿಷ, ಕೌಂಟರಿನ ಮುಂದೆ ಜನ ಬೈಯುತ್ತಿದ್ದಾರೆ ಎಂದು.

ವೆಂಕಟರವಣಪ್ಪ ನನಗೆ ಫೋನ್ ಮಾಡಿದರು. "ಮೇಡಂ, ಒತ್ತಿದ್ರೆ ತಿರುಗ್ತಾನೇ ಐತೆ. ಮುಂದುಕ್ಕೇ ಹೋಗಲ್ಲ."

ಪಿಂಗ್ ಮಾಡಿದೆ. ಥಟ್ಟನೆ ಉತ್ತರ ಬಂತು. "ಲೈನ್ ಚೆನ್ನಾಗಿದೆ ವೆಂಕಟರವಣಪ್ಪನವರೇ. ನೀವು ಎರಡೆರಡು ಸಲ ಒತ್ತುತ್ತಿರಬೇಕು."

"ಇಲ್ಲ ಮೇಡಂ, ಒಂದೇ ದಪ ಒತ್ತೋದು."

"ಹಾಗಾದರೆ ಅಕ್ಷರ ಹುಡುಕಿ ಹುಡುಕಿ ಹೊಡೀತಿದೀರೇನೋ. ಸ್ವಲ್ಪ ಬೇಗ ಕೈ ಓಡಿಸಿ."

ಆ ಕಡೆ ಅವರು "ಆಯ್ತು ಮೇಡಂ" ಎಂದರು. ಅಯ್ಯೋ, ನಾನಾಡಿದ ಆ ಮಾತನ್ನು ವಾಪಸು ನುಂಗಲು ಆಗುವಂತಿದ್ದರೆ!

ತಿಂಗಳ ಸಭೆಯಲ್ಲಿ ಶ್ರೀಕಂಠಯ್ಯನವರು ನೇರವಾಗಿ ಕೇಳಿದರು, "ಮುಳಬಾಗಿಲು ಲೈನ್ ಹೇಗಿದೆ?"

"ಸರಿಯಾಗಿದೆ ಸಾರ್. ನಾನೇ ನೋಡಿದ್ದೀನಿ."

"ನಾನೂ ನೋಡಿದೆ, ಪಿಂಗ್ ಚೆನ್ನಾಗಿದೆ. ನನ್ನ ಟೇಬಲ್ ಮೇಲೂ ಸರ್ರಂತ ಬರುತ್ತೆ. ಹಾಗಾದ್ರೆ ಪ್ರಾಬ್ಲಂ ಆಪರೇಟರದ್ದೇ."

ಮೆಮೊ ಹೋಯಿತು. "ಸಿಸ್ಟಂ ಇನ್‌ಚಾರ್ಜ್ ಅವರ ಪರಿಶೀಲನೆಯ ಪ್ರಕಾರ ಲೈನಿನಲ್ಲಿ ಯಾವ ದೋಷವೂ ಇರುವುದಿಲ್ಲ, ವಿಳಂಬಕ್ಕೆ ತಮ್ಮ ನಿಧಾನಗತಿಯೇ ಕಾರಣವೆಂದು ಕಂಡುಬಂದಿದೆ." ಇನ್ನೂ ಎರಡು ತಿಂಗಳು ಹಾಗೇ ಕಳೆಯಿತು. ಖಾಯಂ ಮಾಡುವ ಕಡತ ತಿರುಗಿ, ಕೆಲಸದಿಂದ ಬಿಡಿಸುವ ಕಡತವಾಯಿತು. ಸಮಿತಿ ಸೇರಲು ನಾಲ್ಕು ದಿನ ಇದ್ದಾಗ ಸಾಹೇಬರು ನನ್ನನ್ನು ಕರೆದರು. "ಒಬ್ಬ ಮನುಷ್ಯನ ಹೊಟ್ಟೆಪಾಡು. ಒಂದು ದಿನ ಪಕ್ಕದಲ್ಲಿ ಕೂತು ನೋಡಿ ಬನ್ನಿ. ನೀವು ಬರೆದುಕೊಟ್ಟದ್ದೇ ಕೊನೆ," ಎಂದರು.

ತಿರುಪತಿ ಬಸ್ಸು ಹತ್ತಿ ಮುಳಬಾಗಿಲಿನಲ್ಲಿ ಇಳಿದೆ. ಹತ್ತೂವರೆಗೆ ಕೌಂಟರಿನ ಒಳಗೆ ಸ್ಟೂಲ್ ಎಳೆದುಕೊಂಡು ಕೂತೆ. ಹೊರಗೆ ಸಾಲು ಗೇಟಿನವರೆಗೆ ಇತ್ತು. ಮುಂದೆ ನಿಂತಿದ್ದ ಅಜ್ಜಿ ತೆಲುಗಿನಲ್ಲಿ ಜೋರು ಮಾಡುತ್ತಿದ್ದಳು: "ಏಮಯ್ಯಾ, ನಾ ಪೇರು ರಾಸೇದಾನಿಕಿ ಇಂತ ಸೇಪಾ?" ತನ್ನ ಒಂದು ಹೆಸರು ಬರೆಯಲಿಕ್ಕೆ ಇಷ್ಟು ಹೊತ್ತೇ ಎಂದು. ವೆಂಕಟರವಣಪ್ಪ ತಲೆಯೆತ್ತದೆ, "ಅಯಿಪೋಯಿಂದಿ ಅವ್ವಾ, ಅಯಿಪೋಯಿಂದಿ," ಮುಗೀತು ಮುಗೀತು ಎಂದು ಸಮಾಧಾನ ಮಾಡುತ್ತಿದ್ದರು.

ನಾನು ಅವರ ಕೈ ನೋಡಿದೆ. ಹೆಸರು, ಊರು, ವಯಸ್ಸು, ಕಾಯಿಲೆ... ಬೆರಳುಗಳು ಸರಸರ ಓಡಿದವು. ಟೈಪಿಸ್ಟಾಗಿ ಬಂದವಳು ನಾನು, ಕೈ ನೋಡಿದರೆ ಗೊತ್ತಾಗುತ್ತದೆ. ಅದು ನಿಧಾನದ ಕೈ ಅಲ್ಲ. ಒತ್ತಿದರು. ಪರದೆಯ ಮೇಲೆ ಚಕ್ರ ತಿರುಗತೊಡಗಿತು, ತಿರುಗುತ್ತಲೇ ಇತ್ತು. ಪಕ್ಕದಲ್ಲಿ ಇನ್ನೊಂದು ಕಿಟಕಿ ತೆರೆದು ಪಿಂಗ್ ಮಾಡಿದೆ. 'ಇದೀನಿ, ಇದೀನಿ, ಇದೀನಿ' ಎಂದು ಅದು ಕುಣಿಯುತ್ತಿದೆ. ರೋಗಿಯ ಪುಟ ಮಾತ್ರ ಅಲ್ಲಾಡುತ್ತಿಲ್ಲ. ಎರಡೂ ಹೋಗುವುದು ಒಂದೇ ತಂತಿಯಲ್ಲಿ. ಹಾಗಾದರೆ ಒಂದು ಓಡುವುದು, ಇನ್ನೊಂದು ಕುಂಟುವುದು ಹೇಗೆ?

ಆಗ ನೆನಪಾಯಿತು, ಪಿಂಗನ್ನು ಮೊದಲ ಬೆಂಚಿನಲ್ಲಿ ಕೂರಿಸಿದವಳು ಯಾರೆಂದು.

ಅಲ್ಲಿಂದಲೇ ಕೋಲಾರದ ಯಂತ್ರದೊಳಗೆ ಹೋಗಿ ಬೆಂಚುಗಳ ಎಣಿಕೆ ನೋಡಿದೆ. ಯಾವ ಬೆಂಚಿನಿಂದ ಎಷ್ಟು ಹೋಯಿತು ಎಂದು ಅದು ಎಣಿಸುತ್ತಲೇ ಇರುತ್ತದೆ. ಮೊದಲ ಬೆಂಚಿನಲ್ಲಿ ಮಾಲೂರಿನ ಅಂಕಿ ಓಡುತ್ತಿತ್ತು, ಶ್ರೀನಿವಾಸಪುರದ್ದೂ ಓಡುತ್ತಿತ್ತು. ಮುಳಬಾಗಿಲಿನದು ಸೊನ್ನೆ. ಬೆಂಚಿನ ಪಟ್ಟಿಯಲ್ಲಿ ಬಸ್ ನಿಲ್ದಾಣದ ಹಿಂದಿನ ಹಳೇ ಕಟ್ಟಡದ ವಿಳಾಸವೇ ಇತ್ತು. ಬಾಗಿಲಿನ ಪಟ್ಟಿಗೆ ಹೊಸ ವಿಳಾಸ ಬರೆದಿದ್ದೆ, ಹಾಗಾಗಿ ಒಳಗೆ ಬಿಡುತ್ತಿತ್ತು. ಬೆಂಚಿನ ಪಟ್ಟಿಗೆ ಬರೆಯಲು ಮರೆತಿದ್ದೆ. ಗುರುತು ಸಿಗದ ಮುಳಬಾಗಿಲು ಮೂರು ತಿಂಗಳಿಂದ ಉಳಿದವರ ಬೆಂಚಿನಲ್ಲಿ, ಮಾಲೂರಿನ ಸಿನಿಮಾ ಹಾಡುಗಳ ಹಿಂದೆ ಕೂತಿತ್ತು. ಬಸುರಿಯರ ಹೆಸರು, ಸಕ್ಕರೆ ಕಾಯಿಲೆಯವರ ಹೆಸರು, ಈ ಅಜ್ಜಿಯ ಹೆಸರು, ಎಲ್ಲ.

"ಮೇಡಂ, ಇದೊಂದು ನೋಡ್ತೀರಾ?" ವೆಂಕಟರವಣಪ್ಪ ಮೇಜಿನ ಒಳಗಿನಿಂದ ಒಂದು ಶಾಲೆಯ ನೋಟ್‌ಬುಕ್ ತೆಗೆದರು. ಪ್ರತಿ ಹೆಸರೂ ಎಷ್ಟು ಹೊತ್ತಿಗೆ ಒತ್ತಿದ್ದು, ಎಷ್ಟು ಹೊತ್ತಿಗೆ ಬಂದದ್ದು ಎಂದು ಅದೇ ಮುತ್ತಿನ ಅಕ್ಷರದಲ್ಲಿ ಬರೆದಿದ್ದರು. ಬೆಳಿಗ್ಗೆ ಎಂಟೂವರೆಗೆ ತಕ್ಷಣ. ಹತ್ತರಿಂದ ಒಂದರವರೆಗೆ ಏಳು ನಿಮಿಷ, ಎಂಟು ನಿಮಿಷ. ಊಟದ ಹೊತ್ತಿಗೆ ಮತ್ತೆ ತಕ್ಷಣ. ಮನುಷ್ಯನ ಕೈ ಹೀಗೆ ಗಂಟೆ ನೋಡಿಕೊಂಡು ನಿಧಾನವಾಗುತ್ತದೆಯೇ? ಯಾರು ನೋಡಿದ್ದರೂ ದೋಷ ಕೈಯಲ್ಲಿಲ್ಲ, ಕಿಕ್ಕಿರಿದ ಲೈನಿನಲ್ಲಿದೆ ಎಂದು ಗೊತ್ತಾಗುತ್ತಿತ್ತು.

"ಇದನ್ನ ನನಗ್ಯಾಕೆ ಕಳಿಸಲಿಲ್ಲ?" ಎಂದೆ, ಕೋಪದಲ್ಲಿ. ಕೋಪ ನನ್ನ ಮೇಲೆ.

"ಕಳ್ಸಿದ್ನಲ್ಲ ಮೇಡಂ. ನಕಲು ತಗ್ದು ಟಪಾಲ್‌ನಾಗೆ."

ಬಂದಿತ್ತು. ನನ್ನ ಮೇಜಿನ ಟ್ರೇಯಲ್ಲಿ, ಆಮೇಲೆ ನೋಡೋಣ ಎಂದು ಇಟ್ಟ ಕಾಗದಗಳ ಕೆಳಗೆ ಇದ್ದಿರಬೇಕು.

ಹತ್ತು ನಿಮಿಷದ ಆಜ್ಞೆ ಕೊಟ್ಟಿಟ್ಟು ಒಂದೇ ಒಂದು ಸಾಲು ಬದಲಿಸಿದೆ. "ಈಗ ಒತ್ತಿ," ಎಂದೆ. ಒತ್ತಿದರು. ಕಣ್ಣು ಮಿಟುಕಿಸುವುದರೊಳಗೆ ಪುಟ ಬಂತು. ಅವರು ನಂಬದೆ ಇನ್ನೊಂದು ಹೆಸರು ಹಾಕಿದರು. ಬಂತು. ಮತ್ತೊಂದು. ಬಂತು. ಹತ್ತು ನಿಮಿಷದ ಆಜ್ಞೆ ರದ್ದು ಮಾಡಿದೆ. ಹನ್ನೆರಡು ಹೊಡೆಯುವ ಹೊತ್ತಿಗೆ ಗೇಟಿನವರೆಗಿದ್ದ ಸಾಲು ಕರಗಿಹೋಗಿತ್ತು.

"ಏನ್ ಮಾಡುದ್ರಿ ಮೇಡಂ?"

"ಏನಿಲ್ಲ, ಲೈನ್ ಸ್ವಲ್ಪ ಸರಿಮಾಡಿದೆ," ಎಂದೆ. ಹಸೀ ಸುಳ್ಳು.

ವಾಪಸು ಬಸ್ಸಿನಲ್ಲಿ ವರದಿ ಬರೆದೆ. "ತಾಂತ್ರಿಕ ದೋಷವನ್ನು ಪತ್ತೆ ಹಚ್ಚಿ ಸರಿಪಡಿಸಲಾಗಿದೆ." ಎಷ್ಟು ಚೆಂದದ ವಾಕ್ಯ ನೋಡಿ. ಯಾರೂ ಏನೂ ಮಾಡಿಲ್ಲ, ಯಾರದೂ ತಪ್ಪಿಲ್ಲ. ಟೈಪಿಸ್ಟ್ ಹೆಂಗಸಿಗೆ ಈ ಯಂತ್ರ ಯಾಕೆ ಕೊಟ್ಟರು ಎಂದು ಕೇಳುವವರು ಆಸ್ಪತ್ರೆಯಲ್ಲಿ ಆಗಲೂ ಇದ್ದರು. ಅವರ ಬಾಯಿಗೆ ನಾನೇ ಸಕ್ಕರೆ ಹಾಕಲೇ? ಆದರೆ ಈ ಚೆಂದದ ವಾಕ್ಯದಿಂದ ಮೆಮೊ ಸುಳ್ಳಾಗುವುದಿಲ್ಲ. ಲೈನಿನಲ್ಲಿ ದೋಷವಿಲ್ಲ ಎಂದು ಮೂರು ತಿಂಗಳು ಸಾಕ್ಷಿ ಹೇಳಿದವಳು ನಾನು. ಇವತ್ತು ಇದ್ದಕ್ಕಿದ್ದಂತೆ ದೋಷ ಹುಟ್ಟಿತು ಎಂದರೆ, ಅದು ಇವತ್ತಿನ ದೋಷ ಆಗುತ್ತದೆ. ಹಿಂದಿನದು ಆ ಮನುಷ್ಯನ ನಿಧಾನವಾಗಿಯೇ ಉಳಿಯುತ್ತದೆ. ಪಕ್ಕದಲ್ಲಿ ಕೂತಿದ್ದಾಕೆ, "ಯಾಕಮ್ಮ, ವಾಂತಿ ಬರ್ತಾ ಐತಾ?" ಎಂದು ಕಿಟಕಿ ಸರಿಸಿಕೊಟ್ಟಳು. ಕೋಲಾರ ಬರುವಷ್ಟರಲ್ಲಿ ಹಾಳೆ ಹರಿದು ಚೀಲಕ್ಕೆ ಹಾಕಿಕೊಂಡಿದ್ದೆ.

ಮನೆಗೆ ಹೋಗಿದ್ದರೆ ಧೈರ್ಯ ಉಳಿಯುತ್ತಿರಲಿಲ್ಲ. ನೆಟ್ಟಗೆ ಸಾಹೇಬರ ಕೋಣೆಗೇ ಹೋದೆ.

"ಸಾರ್, ವೆಂಕಟರವಣಪ್ಪನವರ ತಪ್ಪು ಒಂದಿಷ್ಟೂ ಇಲ್ಲ. ತಪ್ಪು ನನ್ನದು." ಬೆಂಚು, ವಿಳಾಸ, ಟ್ರೇಯಲ್ಲಿ ಕೊಳೆತ ಅವರ ಕಾಗದ, ಎಲ್ಲ ಒಂದೇ ಉಸಿರಿಗೆ ಹೇಳಿದೆ.

"ಆದ್ರೆ ಪಿಂಗ್ ಚೆನ್ನಾಗಿತ್ತಲ್ರೀ?"

"ಅದನ್ನ ಮೊದಲ ಬೆಂಚಿನಲ್ಲಿ ಕೂರಿಸಿದ್ದೆ ಸಾರ್."

"ನನ್ನ ಕಂಪ್ಯೂಟರ್?"

"ಅದನ್ನೂ. ನೀವು ಬೈಬಾರದು ಅಂತ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಮೇಜಿನ ಮೇಲಿದ್ದ ಗಡಿಯಾರವನ್ನು ಕೈಗೆತ್ತಿಕೊಂಡು ಬೋರಲಾಗಿ ಇಟ್ಟರು. "ಈ ಕಂಪ್ಯೂಟರ್ ನೋಡ್ಕೊಂಡು ನಾನು ಮೂರು ತಿಂಗಳು ಆ ಮನುಷ್ಯನ್ನ ಅಳೆದೆ, ವನಜಾಕ್ಷಿ," ಎಂದರು. ಆಮೇಲೆ ದನಿ ಏರಿತು. "ಇವತ್ತೇ ನನ್ನನ್ನ ಆ ಮೂರನೇ ಬೆಂಚಿಗೆ ಹಾಕಿ. ನಾಳೆ ಇದನ್ನೆಲ್ಲ ಬರೆದು ಕೊಡಿ. ಸಮಿತಿ ಮುಂದೆ ನೀವೇ ಓದ್ಬೇಕು."

ಓದಿದೆ. ನನಗೊಂದು ಮೆಮೊ ಕೊಟ್ಟರು, ನ್ಯಾಯವಾಗಿಯೇ. ವೆಂಕಟರವಣಪ್ಪನವರ ಮೆಮೊ ಹಿಂದಕ್ಕೆ ಪಡೆದರು, ಖಾಯಂ ಆದೇಶಕ್ಕೆ ಸಹಿ ಬಿತ್ತು. ಸಭೆಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅಬ್ಬಾ! ಮೆಮೊ ಸಿಕ್ಕಿದ ದಿನ ಅಷ್ಟು ನಿರಾಳವಾಗಿ ಉಸಿರಾಡಿದವಳು ಆ ಆಸ್ಪತ್ರೆಯಲ್ಲಿ ನಾನೊಬ್ಬಳೇ ಇರಬೇಕು. ಅಲ್ಲಿಂದ ಮುಂದೆ ನಾನಿದ್ದಷ್ಟು ದಿನ ಆಡಳಿತಾಧಿಕಾರಿಯ ಕಂಪ್ಯೂಟರ್ ಮೂರನೇ ಬೆಂಚಿನಲ್ಲೇ ಇತ್ತು. ಲೈನು ನೋಡಬೇಕಾದರೆ ಪಿಂಗ್ ಮಾಡದೆ, ಬಸ್ಸು ಹತ್ತಿ ಹೋಗಿ ಕೌಂಟರಿನ ಪಕ್ಕ ಕೂತು ನೋಡುತ್ತಿದ್ದೆ.

ಆದೇಶ ತೆಗೆದುಕೊಳ್ಳಲು ವೆಂಕಟರವಣಪ್ಪ ಕೋಲಾರಕ್ಕೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವರನ್ನು ಕೂರಿಸಿ, ಮೊದಲಿಂದ ಕೊನೆಯವರೆಗೆ ಹೇಳಿ, "ತಪ್ಪಾಯ್ತು. ಕ್ಷಮಿಸಿಬಿಡಿ," ಎಂದೆ. ಅವರು ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ನೋಡಿಕೊಂಡರು.

"ಮನೇಲಿ ಒಂದ್ ರಟ್ಟು ಮಡಗಿದೀನಿ ಮೇಡಂ," ಎಂದರು ಆಮೇಲೆ. "ಸೀರೆ ಡಬ್ಬದ್ದು. ಅದ್ರ ಮೇಲೆ ಕೀಬೋರ್ಡಿನ ಅಕ್ಷರ ಎಲ್ಲಾ ಬರ್ಕೊಂಡಿದೀನಿ. ಮೆಮೊ ಬಂದ್ ದಿನದಿಂದ, ಬೆಳಗ್ಗೆ ಕೆಲ್ಸಕ್ಕೆ ಬರೋಕ್ ಮುಂಚೆ ಒಂದ್ ಗಂಟೆ ಅದ್ರ ಮೇಲೆ ಹೊಡ್ಯೋದು. ನಮ್ಮೋಳು ಹೆಸ್ರು, ಊರು ಕೂಗಿ ಹೇಳೋಳು, ನಾನು ಹೊಡ್ಯೋನು. ಎಷ್ಟ್ ಬೇಗ ಹೊಡುದ್ರೂ ಕೌಂಟರ್‌ಗೆ ಬಂದ್ರೆ ಅದೇ ಎಂಟು ನಿಮ್ಸ. ವಯಸ್ಸಾಯ್ತು, ಬೆರಳು ಹೋದ್ವು ಅನ್ಕೊಂಬಿಟ್ಟಿದ್ದೆ."

ಬೆರಳುಗಳನ್ನು ಒಮ್ಮೆ ಮಡಚಿ ಬಿಡಿಸಿದರು.

"ಅಂಗಾದ್ರೆ ಇವು ಸರಿಯಾಗೇ ಇದ್ವಾ ಮೇಡಂ?"

"ಸರಿಯಾಗೇ ಇದ್ವು. ನನಗಿಂತ ಚುರುಕಾಗಿದ್ವು."

"ಒಂದ್ ಮಾತು ನಮ್ಮೋಳಿಗೂ ನೀವೇ ಹೇಳ್ಬಿಡಿ," ಎಂದು ಮೇಜಿನ ಮೇಲಿದ್ದ ಫೋನ್ ಕಡೆ ನೋಡಿದರು. "ನಾನ್ ಹೇಳುದ್ರೆ ನಂಬಲ್ಲ ಅವ್ಳು."

ಬೈರಕೂರಿನಲ್ಲಿ ಅವರ ಪಕ್ಕದ ಮನೆಯ ನಂಬರಿಗೆ ಫೋನ್ ಮಾಡಿದೆ. ಯಾರೋ ಕೂಗಿ ಕರೆದರು, ಆಕೆ ಓಡಿಬಂದು ಏದುಸಿರು ಬಿಡುತ್ತಾ ಹಲೋ ಎಂದಳು. ನಾನು ಯಾರೆಂದು ಹೇಳಿದೆ, ನಿಮ್ಮ ಯಜಮಾನರು ನಿಧಾನ ಇರಲಿಲ್ಲ, ಅವರ ಕೆಲಸ ಖಾಯಂ ಆಯಿತು, ತಪ್ಪೆಲ್ಲ ನನ್ನದು ಎಂದೆ.

"ನಂಗೆ ಗೊತ್ತಿತ್ತು ಕಣಮ್ಮ," ಅಂದಳು. "ದಿನಾ ಎದುರುಗೇ ಕೂತು ನೋಡ್ತಿರ್ಲಿಲ್ವಾ ನಾನು? ಅವ್ರಿಗೇ ಗೊತ್ತಿರ್ಲಿಲ್ಲ."